ಈಜುಕೊಳದಲ್ಲಿ ತುಕ್ಕಿನ ಕಲೆಯೇ? ಮೊದಲು ಕ್ಲೋರಿನ್ ಡಬ್ಬ ಪಕ್ಕಕ್ಕಿಡಿ

ಸಕಲೇಶಪುರದ ಕಡೆ ನಮ್ಮ ಭಾವನ ತೋಟದಲ್ಲಿ ಹೋಂಸ್ಟೇ ಇದೆ. ಅಲ್ಲೊಂದು ಪುಟ್ಟ ಈಜುಕೊಳ ಕಟ್ಟಿಸಿದರು. ಬೋರ್‌ವೆಲ್ ನೀರು ತುಂಬಿಸಿದ ದಿನ ತಳದ ಟೈಲ್ಸ್ ಎಣಿಸಬಹುದಿತ್ತು, ಅಷ್ಟು ತಿಳಿ. ಮರುದಿನ ಅತಿಥಿಗಳು ಬರುತ್ತಾರೆಂದು ರಾತ್ರಿ ಎರಡು ಕೆಜಿ ಬ್ಲೀಚಿಂಗ್ ಪೌಡರ್ ಕಲಸಿ ಸುರಿದರು. ಬೆಳಿಗ್ಗೆ ಎದ್ದು ನೋಡಿದರೆ ಕೊಳದ ತುಂಬ ಬ್ಲ್ಯಾಕ್ ಟೀ! ಗಾಬರಿಯಲ್ಲಿ ಇನ್ನಷ್ಟು ಬ್ಲೀಚಿಂಗ್ ಹಾಕಿದರು. ಮೂರನೇ ದಿನ ನೀರೇನೋ ತಿಳಿಯಾಯಿತು, ಆದರೆ ಮೆಟ್ಟಿಲು, ತಳ ಎಲ್ಲ ಕಡೆ ತುಕ್ಕು ಕೂತಿತ್ತು. ಆಮೇಲೆ ಇದೇ ತಪ್ಪನ್ನು ಇನ್ನೂ ಮೂರ್ನಾಲ್ಕು ಮನೆಗಳಲ್ಲಿ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೋರ್ ನೀರಿನಲ್ಲಿ ಎಷ್ಟೋ ಕಡೆ ಕಬ್ಬಿಣ ಕರಗಿರುತ್ತದೆ. ಕರಗಿರುವವರೆಗೆ ಕಣ್ಣಿಗೆ ಕಾಣುವುದಿಲ್ಲ. ಬ್ಲೀಚಿಂಗ್ ಪೌಡರ್‌ನಲ್ಲಿರುವ ಕ್ಲೋರಿನ್ ತಾಗಿದರೆ ತುಕ್ಕಾಗಿ ಬೇರ್ಪಟ್ಟು, ಸಿಕ್ಕ ಜಾಗದಲ್ಲಿ ಅಂಟಿಕೊಳ್ಳುತ್ತದೆ. ಇದು ಕೊಳೆಯಲ್ಲ. ಕ್ಲೋರಿನ್ ಜಾಸ್ತಿ ಹಾಕಿದಷ್ಟೂ ಕಲೆ ಗಟ್ಟಿಯಾಗುತ್ತದೆ.

ತುಂಬಿಸುವ ಮೊದಲು ಬಕೆಟ್ ಪರೀಕ್ಷೆ

ಬಿಳಿ ಬಕೆಟ್‌ನಲ್ಲಿ ಬೋರ್ ನೀರು ಹಿಡಿದು ಒಂದು ಚಮಚ ಲಿಕ್ವಿಡ್ ಕ್ಲೋರಿನ್ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಹಾಕಿ. ಒಂದೆರಡು ಗಂಟೆ ಬಿಡಿ. ನೀರು ಹಳದಿಯಾಗಿ ಕಂದು ಬಣ್ಣಕ್ಕೆ ತಿರುಗಿದರೆ ಕಬ್ಬಿಣ ಇದೆ ಅಂತಲೇ. ಸ್ನಾನದ ಮನೆಯ ನಲ್ಲಿ ಕೆಳಗೆ ಕೆಂಪು ಗೆರೆ ಬಿದ್ದಿದ್ದರೆ, ಒಗೆದ ಬಿಳಿ ಪಂಚೆ ಹಳದಿಯಾಗುತ್ತಿದ್ದರೆ ಬಕೆಟ್ ಪರೀಕ್ಷೆಯೂ ಬೇಕಾಗಿಲ್ಲ.

ಕೊಳದ ಅಳತೆ

ಉದ್ದ, ಅಗಲ, ಸರಾಸರಿ ಆಳವನ್ನು ಮೀಟರ್‌ನಲ್ಲಿ ಗುಣಿಸಿ, 1000ದಿಂದ ಮತ್ತೆ ಗುಣಿಸಿ. 8 ಮೀಟರ್ ಉದ್ದ, 4 ಮೀಟರ್ ಅಗಲ, 1.2 ಮೀಟರ್ ಆಳದ ಕೊಳ ಅಂದರೆ 38,400 ಲೀಟರ್. ಮುಂದೆ ಹೇಳುವ ಲೆಕ್ಕವೆಲ್ಲ ಈ ಅಳತೆಯ ಕೊಳಕ್ಕೆ.

ಕಲೆ ಯಾವುದರದ್ದು?

ಇದನ್ನು ತಿಳಿಯದೆ ಏನನ್ನೂ ಸುರಿಯಬೇಡಿ. ಮೆಡಿಕಲ್ ಶಾಪ್‌ನಿಂದ ವಿಟಮಿನ್ ಸಿ ಮಾತ್ರೆ ತನ್ನಿ. ಒಂದನ್ನು ಕಲೆಯ ಮೇಲಿಟ್ಟು ಬೆರಳಲ್ಲಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಬೆರಳು ತೆಗೆದಾಗ ಆ ಜಾಗ ಬೆಳ್ಳಗಾಗಿದ್ದರೆ ಕಬ್ಬಿಣದ ಕಲೆ. ಭಾವನ ಕೊಳದ ಮೆಟ್ಟಿಲ ಮೇಲೆ ಮಾತ್ರೆಯಷ್ಟೇ ಅಗಲದ ಬಿಳಿ ಚುಕ್ಕಿ ಮೂಡಿತು, ಸುತ್ತ ತುಕ್ಕು ಹಾಗೇ ಇತ್ತು. ಅಲ್ಲಿಯವರೆಗೆ ನನ್ನ ಮಾತು ನಂಬದಿದ್ದ ಭಾವ ಆಮೇಲೆ ಒಪ್ಪಿದರು.

ಸಿಲ್ವರ್ ಓಕ್, ಹಲಸಿನ ಎಲೆ ಬಿದ್ದು ಕೊಳೆತ ಕಲೆ ಬೇರೆ. ಅದಕ್ಕೆ ವಿಟಮಿನ್ ಸಿ ತಾಗುವುದಿಲ್ಲ, ಕ್ಲೋರಿನ್ ಹಾಕಿ ಉಜ್ಜಿದರೆ ಹೋಗುತ್ತದೆ.

ನೀಲಿ-ಹಸಿರು ಕಲೆಯಾದರೆ ತಾಮ್ರದ್ದು. ಕಾಫಿ, ಅಡಿಕೆ ತೋಟದವರಿಗೆ ಒಂದು ಮಾತು. ಗಿಡಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಮನೆಯಲ್ಲೇ ಇರುತ್ತದೆ. ಪಾಚಿ ಕಂಡ ತಕ್ಷಣ ಒಂದು ಹಿಡಿ ಹಾಕೋಣ ಅನಿಸುತ್ತದೆ. ದಯವಿಟ್ಟು ಬೇಡ. ಪಾಚಿ ಹೋಗಬಹುದು, ಆದರೆ ತಾಮ್ರ ಗೋಡೆಗೆ ಅಂಟುತ್ತದೆ, ನರೆತ ಕೂದಲಿಗೆ ಹಸಿರು ಬಣ್ಣ ಹಿಡಿಯುತ್ತದೆ.

ಕಲೆ ತೆಗೆಯುವುದು: ಎಲ್ಲರೂ ಎಡವುವುದು ಇಲ್ಲೇ

ಮೊದಲು ಕ್ಲೋರಿನ್ ಪೂರ್ತಿ ಇಳಿಯಬೇಕು. ಕ್ಲೋರಿನ್ ಇರುವ ನೀರಿಗೆ ವಿಟಮಿನ್ ಸಿ ಹಾಕಿದರೆ ಅವೆರಡೂ ಒಂದನ್ನೊಂದು ತಿಂದು ಮುಗಿಸುತ್ತವೆ. ಕಲೆಗೆ ಏನೂ ಉಳಿಯುವುದಿಲ್ಲ, ನಿಮ್ಮ ದುಡ್ಡು ದಂಡ. ಮೂರ್ನಾಲ್ಕು ದಿನ ಕ್ಲೋರಿನ್ ಹಾಕದೆ ಬಿಸಿಲಿಗೆ ಬಿಡಿ, ನೀರು ಪರೀಕ್ಷಿಸುವ ಕಿಟ್‌ನಲ್ಲಿ ಸೊನ್ನೆಗೆ ಬಂದಿದೆಯೇ ನೋಡಿ. ಸೊನ್ನೆಗೆ ಬಂದ ಮೇಲೆ ತಡ ಮಾಡಬೇಡಿ, ಪಾಚಿ ಕಾಯುತ್ತಿರುತ್ತದೆ. ಈ ದಿನಗಳಲ್ಲಿ ಯಾರನ್ನೂ ನೀರಿಗೆ ಇಳಿಸಬೇಡಿ.

ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.2ರ ಹತ್ತಿರ ಇರಲಿ. ಜಾಸ್ತಿ ಇದ್ದರೆ ಇಳಿಸಲು ಆಸಿಡ್ ಬೇಕಾಗುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು, ಬಕೆಟ್ ನೀರಿಗೆ ಆಸಿಡ್ ಹಾಕಿ. ಆಸಿಡ್‌ಗೆ ನೀರು ಹಾಕುವುದು ಯಾವತ್ತೂ ಇಲ್ಲ.

ಆಸ್ಕಾರ್ಬಿಕ್ ಆಸಿಡ್ ಅಂದರೆ ವಿಟಮಿನ್ ಸಿಯೇ. ಪುಡಿ ರೂಪದಲ್ಲಿ ಕೆಜಿ ಲೆಕ್ಕದಲ್ಲಿ ಸಿಗುತ್ತದೆ. ನಮ್ಮ ಅಳತೆಯ ಕೊಳಕ್ಕೆ ಸುಮಾರು ಅರ್ಧ ಕೆಜಿ ಸಾಕು. ಪಂಪ್ ಓಡುತ್ತಿರಲಿ. ಪುಡಿಯನ್ನು ಕೊಳದ ಅಂಚಿನುದ್ದಕ್ಕೂ, ಕಲೆ ದಟ್ಟವಾಗಿರುವ ಕಡೆ ಸ್ವಲ್ಪ ಜಾಸ್ತಿ, ಉದುರಿಸುತ್ತಾ ಹೋಗಿ. ನೈಲಾನ್ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಸ್ಟೀಲ್ ಬ್ರಷ್ ಬೇಡ. ಅದರ ಎಳೆ ಮುರಿದು ತಳದಲ್ಲಿ ಉಳಿದರೆ ಅದೇ ಹೊಸ ತುಕ್ಕು. ಅರ್ಧ ಗಂಟೆ, ಒಂದು ಗಂಟೆಯೊಳಗೆ ಕಲೆ ಕರಗುವುದು ಕಣ್ಣಿಗೇ ಕಾಣುತ್ತದೆ.

ಬಾತ್‌ರೂಮ್ ತೊಳೆಯುವ ಆಸಿಡ್ ಸುರಿದು ಉಜ್ಜುವವರೂ ಇದ್ದಾರೆ. ಕಲೆ ಹೋಗುತ್ತದೆ, ಜೊತೆಗೆ ಟೈಲ್ಸ್ ಸಂದಿನ ಗ್ರೌಟೂ ಹೋಗುತ್ತದೆ.

ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುವುದೇ ದೊಡ್ಡ ತಪ್ಪು. ಕಬ್ಬಿಣ ಎಲ್ಲಿಗೂ ಹೋಗಿಲ್ಲ. ಗೋಡೆ ಬಿಟ್ಟು ಮತ್ತೆ ನೀರಿಗೆ ಇಳಿದಿದೆ, ಅಷ್ಟೇ. ಈಗ ಕ್ಲೋರಿನ್ ಸುರಿದರೆ ನಾಳೆ ಬೆಳಿಗ್ಗೆ ಮತ್ತದೇ ತುಕ್ಕು. ಹಾಗಾಗಿ ಅದೇ ದಿನ ಮೆಟಲ್ ಸೀಕ್ವೆಸ್ಟ್ರೆಂಟ್ ಹಾಕಿ. ಇದು ಕಬ್ಬಿಣವನ್ನು ನೀರಿನಲ್ಲೇ ಕಟ್ಟಿಹಾಕಿ, ಕೆಳಗೆ ಕೂರದಂತೆ ತಡೆಯುತ್ತದೆ. ಎಷ್ಟು ಹಾಕಬೇಕೆಂದು ಡಬ್ಬದ ಮೇಲೆ ಇರುತ್ತದೆ. ಒಳಗೆ ಏನಿದೆ ಎಂದು ಬರೆಯದ ‘ಆಲ್ ಇನ್ ಒನ್’ ಡಬ್ಬ ಮಾತ್ರ ತರಬೇಡಿ. ಕೆಲವದರಲ್ಲಿ ತಾಮ್ರವೇ ಇರುತ್ತದೆ.

ಕ್ಲೋರಿನ್ ಮತ್ತೆ ಶುರು ಮಾಡುವುದು

ಒಂದು ದಿನ ಪಂಪ್ ಓಡಿದ ಮೇಲೆ, ದಿನಾ ಸಂಜೆ ಅರ್ಧ ಲೀಟರ್ ಲಿಕ್ವಿಡ್ ಕ್ಲೋರಿನ್ ಹಾಕಿ. ಶೇ 10ರ ದ್ರಾವಣ ಒಂದು ಲೀಟರ್ ಹಾಕಿದರೆ ನಮ್ಮ ಕೊಳದಲ್ಲಿ ಸುಮಾರು 2.6 ಪಿಪಿಎಂ (ಲೀಟರ್‌ಗೆ 2.6 ಮಿಲಿಗ್ರಾಂ) ಏರುತ್ತದೆ. ಮೊದಲ ಒಂದೆರಡು ದಿನ ಕಿಟ್‌ನಲ್ಲಿ ಬಣ್ಣವೇ ಬರದಿರಬಹುದು. ಉಳಿದ ವಿಟಮಿನ್ ಸಿ ಅದನ್ನು ತಿನ್ನುತ್ತಿರುತ್ತದೆ. ಆತುರಪಟ್ಟು ಜಾಸ್ತಿ ಹಾಕಬೇಡಿ. 1ರಿಂದ 3 ಪಿಪಿಎಂ ಬಂದು ನಿಂತರೆ ಸಾಕು. ಪಿಎಚ್ 7.2ರಿಂದ 7.4ರೊಳಗೆ ಇರಲಿ, ಏರಿದರೆ ಕಬ್ಬಿಣ ಮತ್ತೆ ಕೂರುತ್ತದೆ. ಆಲ್ಕಲಿನಿಟಿ (ಪಿಎಚ್ ಏರುಪೇರಾಗದಂತೆ ತಡೆಯುವ ಗುಣ) 80 ಪಿಪಿಎಂಗಿಂತ ಕೆಳಗೆ ಹೋಗಿದ್ದರೆ ಅಡುಗೆ ಸೋಡಾ ಹಾಕಿ. 650 ಗ್ರಾಂಗೆ ಸುಮಾರು 10 ಪಿಪಿಎಂ ಏರುತ್ತದೆ.

ನನ್ನ ಕೇಳಿದರೆ ಕಬ್ಬಿಣದ ನೀರಿಗೆ ಲಿಕ್ವಿಡ್ ಕ್ಲೋರಿನ್ನೇ ಸರಿ. ಬ್ಲೀಚಿಂಗ್ ಪೌಡರ್ ಸುಣ್ಣದ ಗಸಿ ಬಿಡುತ್ತದೆ, ಹಳೆಯದಾದಷ್ಟೂ ಸತ್ವ ಕಳೆದುಕೊಳ್ಳುತ್ತದೆ. ಟಿಸಿಸಿಎ ಮಾತ್ರೆ (ನಿಧಾನವಾಗಿ ಕರಗುವ ಕ್ಲೋರಿನ್ ಮಾತ್ರೆ) ಸುಲಭ ನಿಜ, ಆದರೆ ಅದರಿಂದ ಸಯನ್ಯೂರಿಕ್ ಆಸಿಡ್ ನೀರಿನಲ್ಲಿ ಸೇರುತ್ತಲೇ ಹೋಗಿ ಕ್ಲೋರಿನ್ ಶಕ್ತಿ ಕುಗ್ಗುತ್ತದೆ. ಈ ಮಾತ್ರೆ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಬಕೆಟ್‌ನಲ್ಲಿ ಯಾವ ಕಾರಣಕ್ಕೂ ಸೇರಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ. ಆಸಿಡ್ ಮತ್ತು ಕ್ಲೋರಿನ್ ಸೇರಿದರೆ ವಿಷಗಾಳಿ. ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಡಿ.

ಇನ್ನು ಬೇಸಿಗೆಯಲ್ಲಿ ಕೊಳದ ನೀರು ಇಳಿದಾಗ ಪೈಪ್ ಹಿಡಿದು ನೇರ ಬೋರ್ ನೀರು ಬಿಡಬೇಡಿ. ಭಾವ ಈಗ ಪಕ್ಕದಲ್ಲೇ ಸಾವಿರ ಲೀಟರ್ ಟ್ಯಾಂಕ್ ಇಟ್ಟಿದ್ದಾರೆ. ಬೋರ್ ನೀರನ್ನು ಅದಕ್ಕೆ ತುಂಬಿಸಿ, ಸ್ವಲ್ಪ ಕ್ಲೋರಿನ್ ಹಾಕಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ ನಿಂತಿರುತ್ತದೆ. ಮೇಲಿನ ತಿಳಿ ನೀರು ಕೊಳಕ್ಕೆ, ಗಸಿ ಚರಂಡಿಗೆ.