ಕಾರಿನ ಸಬ್‌ವೂಫರ್‌ಗೆ ಹೊಂದುವ ಆಂಪ್ಲಿಫೈಯರ್, ಸ್ಪೀಕರ್ ಆರಿಸುವುದು ಹೇಗೆ?

ಡಿಕ್ಕಿಯಲ್ಲಿ ಸಬ್‌ವೂಫರ್ (ಬಾಸ್ ಮಾತ್ರ ನುಡಿಸುವ ದೊಡ್ಡ ಸ್ಪೀಕರ್, ಚಿಕ್ಕದಾಗಿ ಸಬ್) ಕೂರಿಸಿಕೊಂಡ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಇದಕ್ಕೆ ಎಷ್ಟು ವ್ಯಾಟಿನ ಆಂಪ್ ಹಾಕಿಸಲಿ?" ಮುಂಬೈಯ ಕುರ್ಲಾದಲ್ಲಿ ಸಿಎಸ್‌ಟಿ ರಸ್ತೆಯ ಅಂಗಡಿಗಳಿಗೆ ಹೋಗಿ ಕೇಳಿ ನೋಡಿ, ಡಬ್ಬದ ಮೇಲೆ ದಪ್ಪಕ್ಷರದಲ್ಲಿ 2000 ವ್ಯಾಟ್, 4000 ವ್ಯಾಟ್ ಅಂತ ಬರೆದದ್ದನ್ನು ತೋರಿಸುತ್ತಾರೆ. ಆ ನಂಬರನ್ನು ಅಲ್ಲೇ ಬಿಟ್ಟುಬಿಡಿ. ನಿಮಗೆ ಬೇಕಾದ್ದು ಎರಡೇ ವಿಷಯ. ನಿಮ್ಮ ಸಬ್‌ನ ಆರ್‌ಎಂಎಸ್ ಎಷ್ಟು, ಓಮ್ (ಕರೆಂಟ್‌ಗೆ ಅದು ಒಡ್ಡುವ ತಡೆ) ಎಷ್ಟು. ಆಂಪ್ ಯಾವುದು ಅನ್ನುವುದನ್ನು ಇವೆರಡೇ ಹೇಳುತ್ತವೆ.

ಆರ್‌ಎಂಎಸ್ ಅಂದರೆ ಸಬ್ ಗಂಟೆಗಟ್ಟಲೆ ತಡೆದುಕೊಳ್ಳುವ ಪವರ್. ಪೀಕ್ ಅಥವಾ ಮ್ಯಾಕ್ಸ್ ಅನ್ನುವುದು ಒಂದು ಕ್ಷಣಕ್ಕೆ ಮಾತ್ರ. ಸಬ್ ತಿರುಗಿಸಿದರೆ ಮ್ಯಾಗ್ನೆಟ್ ಮೇಲಿನ ಲೇಬಲ್‌ನಲ್ಲಿ ಎರಡೂ ಇರುತ್ತವೆ, ಸಣ್ಣ ಅಕ್ಷರದ ಆರ್‌ಎಂಎಸ್ ಅನ್ನು ನಂಬಿ. ಹಾಗೇ ಟರ್ಮಿನಲ್ ಎಣಿಸಿ. ಎರಡಿದ್ದರೆ ಸಿಂಗಲ್ ವಾಯ್ಸ್ ಕಾಯಿಲ್ (ಕೋನ್ ಅಲುಗಾಡಿಸುವ ತಂತಿಯ ಸುರುಳಿ ಒಂದೇ), ನಾಲ್ಕಿದ್ದರೆ ಡ್ಯುಯಲ್, ಅಂದರೆ ಎರಡು ಕಾಯಿಲ್. ಲೇಬಲ್ ಹರಿದುಹೋಗಿದ್ದರೆ ವಯರ್ ಬಿಚ್ಚಿ ಮಲ್ಟಿಮೀಟರ್ ಇಟ್ಟು ನೋಡಿ: 4 ಓಮ್ ಕಾಯಿಲ್ ಸಾಮಾನ್ಯವಾಗಿ 3.2ರಿಂದ 3.7ರ ಒಳಗೆ ತೋರಿಸುತ್ತದೆ, 2 ಓಮ್ ಕಾಯಿಲ್ 2ಕ್ಕಿಂತ ಸ್ವಲ್ಪ ಕಡಿಮೆ. ಮೀಟರ್ ಇಲ್ಲದವರು ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಒಂದು ಕೊಂಡುಬಿಡಿ, ಪುಣೆಯವರಿಗೆ ಬುಧವಾರ ಪೇಟೆ ಇದೆ. ಮುಂದೆ ಆಂಪ್‌ನ ಗೇನ್ (ಬರುವ ಸಿಗ್ನಲ್ ಎಷ್ಟು ಹಿಗ್ಗಬೇಕು ಅಂತ ಹೊಂದಿಸುವ ತಿರುಪು) ಸೆಟ್ ಮಾಡುವಾಗಲೂ ಇದೇ ಮೀಟರ್ ಬೇಕು.

ಈಗ ಲೆಕ್ಕ. 4 ಓಮ್‌ನ ಎರಡು ಸಿಂಗಲ್ ಕಾಯಿಲ್ ಸಬ್‌ಗಳನ್ನು ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿದರೆ ಆಂಪ್‌ಗೆ ಕಾಣುವುದು 2 ಓಮ್. ಒಂದೇ ಒಂದು ಡ್ಯುಯಲ್ 4 ಓಮ್ ಸಬ್ ಇದ್ದರೆ ಪ್ಯಾರಲಲ್‌ನಲ್ಲಿ 2, ಸೀರೀಸ್‌ನಲ್ಲಿ (ಒಂದರ ಮೈನಸ್ ಇನ್ನೊಂದರ ಪ್ಲಸ್‌ಗೆ) 8. ಡ್ಯುಯಲ್ 2 ಓಮ್ ಆದರೆ 1 ಅಥವಾ 4. ನಮ್ಮ ಕಡೆ ಜಾಸ್ತಿ ಕಾಣುವುದು 12 ಇಂಚಿನ ಎರಡು ಡ್ಯುಯಲ್ 4 ಓಮ್ ಸಬ್‌ಗಳ ಜೋಡಿ. ಒಂದೊಂದು 300 ವ್ಯಾಟ್ ಆರ್‌ಎಂಎಸ್ ಅಂತ ಇಟ್ಟುಕೊಳ್ಳಿ. ನಾಲ್ಕೂ ಕಾಯಿಲ್ ಪ್ಯಾರಲಲ್ ಮಾಡಿದರೆ 1 ಓಮ್ ಬರುತ್ತದೆ. ಒಂದೊಂದು ಸಬ್‌ನ ಎರಡು ಕಾಯಿಲ್ ಸೀರೀಸ್ ಮಾಡಿ ಆಮೇಲೆ ಎರಡೂ ಸಬ್ ಪ್ಯಾರಲಲ್ ಮಾಡಿದರೆ 4 ಓಮ್. ಇದರಿಂದ 2 ಓಮ್ ಬರುವುದೇ ಇಲ್ಲ! ಹಾಗಿದ್ದೂ "2 ಓಮ್‌ಗೆ 600 ವ್ಯಾಟ್" ಅನ್ನುವ ಆಂಪ್ ಮನೆಗೆ ತಂದರೆ ಇಕ್ಕಟ್ಟು. 4 ಓಮ್‌ನಲ್ಲಿ ಅದು ಪೂರ್ತಿ ಪವರ್ ಕೊಡುವುದಿಲ್ಲ, 1 ಓಮ್‌ಗೆ ಜೋಡಿಸಿದರೆ ಬಿಸಿಯಾಗಿ ಪ್ರೊಟೆಕ್ಟ್‌ಗೆ ಹೋಗುತ್ತದೆ (ತಾನೇ ಆಫ್ ಆಗುತ್ತದೆ) ಅಥವಾ ಸುಟ್ಟೇ ಹೋಗುತ್ತದೆ. ನಿಮಗೆ ಬೇಕಾದ್ದು 1 ಓಮ್‌ಗೆ 600 ವ್ಯಾಟ್ ಆರ್‌ಎಂಎಸ್ ಕೊಡುವ ಕ್ಲಾಸ್ ಡಿ ಮೋನೋಬ್ಲಾಕ್, ಅಂದರೆ ಪವರ್ ಕಡಿಮೆ ಪೋಲು ಮಾಡುವ, ಒಂದೇ ಚಾನೆಲ್ (ಔಟ್‌ಪುಟ್) ಇರುವ ಆಂಪ್. ಸಬ್ ಇನ್ನೂ ಕೊಂಡಿಲ್ಲವಾದರೆ ಕೊಳ್ಳುವ ಮೊದಲೇ ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.

ಪವರ್ ಸಬ್‌ನ ಆರ್‌ಎಂಎಸ್‌ಗೆ ಸಮ ಇರಲಿ, ಸ್ವಲ್ಪ ಜಾಸ್ತಿ ಇದ್ದರೂ ಪರವಾಗಿಲ್ಲ. ಸಣ್ಣ ಆಂಪ್ ತಂದು ಅದರ ಗೇನ್ ಪೂರ್ತಿ ತಿರುಗಿಸಿ ಹಿಂಡಿದರೆ ಸಿಗ್ನಲ್ ಕ್ಲಿಪ್ ಆಗುತ್ತದೆ (ಅದರ ತುದಿ ಕತ್ತರಿಸಿಹೋಗುತ್ತದೆ), ಬಾಸ್ ಗುಂಡಗೆ ಬರುವ ಬದಲು ಒರಟಾಗಿ ಬಡಿಯುತ್ತದೆ.

ಡಬ್ಬದ ನಂಬರ್ ನಿಜವೋ ಸುಳ್ಳೋ ಅಂತ ಅಂಗಡಿಯಲ್ಲೇ ನಿಂತು ತಿಳಿಯಬಹುದು. ಆಂಪ್‌ನ ಪಕ್ಕದಲ್ಲಿ ಪವರ್ ವಯರ್ ಸಿಗಿಸುವ ಕಡೆ ಪ್ಲಾಸ್ಟಿಕ್ ಫ್ಯೂಸ್‌ಗಳಿರುತ್ತವೆ, ಅವುಗಳ ಮೇಲೆ ಆಂಪಿಯರ್ ಬರೆದಿರುತ್ತದೆ. 30ರ ಎರಡು ಫ್ಯೂಸ್ ಇದ್ದರೆ ಒಟ್ಟು 60 ಆಂಪಿಯರ್. ಅದನ್ನು 13.8 ವೋಲ್ಟ್‌ನಿಂದ ಗುಣಿಸಿದರೆ 828 ವ್ಯಾಟ್ ಒಳಗೆ ಹೋಗುತ್ತದೆ. ಒಳ್ಳೆಯ ಕ್ಲಾಸ್ ಡಿ ಆಂಪ್ ಅದರಲ್ಲಿ ಸುಮಾರು 80% ಹೊರಗೆ ಕೊಡಬಲ್ಲದು, ಅಂದರೆ 660ರ ಆಸುಪಾಸು. ಕ್ಲಾಸ್ ಎಬಿ ಆದರೆ ಇನ್ನೂ ಕಡಿಮೆ. 60 ಆಂಪಿಯರ್ ಫ್ಯೂಸ್ ಇಟ್ಟುಕೊಂಡು 4000 ವ್ಯಾಟ್ ಕೊಡುವುದು ಯಾವ ಆಂಪ್‌ಗೂ ಸಾಧ್ಯವಿಲ್ಲ. ಇನ್ನೊಂದು ಗುರುತು ಅಂದರೆ ಸಿಇಎ-2006 ಅಥವಾ ಸಿಟಿಎ-2006 ಅನ್ನುವ ಮುದ್ರೆ. 14.4 ವೋಲ್ಟ್‌ನಲ್ಲಿ, 4 ಓಮ್‌ಗೆ, 1% ಡಿಸ್ಟಾರ್ಷನ್ (ಸದ್ದು ಕೆಡುವ ಪ್ರಮಾಣ) ದಾಟದ ಹಾಗೆ ಅಳೆದ ಪವರ್ ಅದು. ಆ ಮುದ್ರೆ ಇದ್ದರೆ ಧೈರ್ಯವಾಗಿ ನಂಬಬಹುದು.

ಮುಂಬೈಯವರು ಇನ್ನೊಂದನ್ನು ಯೋಚಿಸಲೇಬೇಕು. ನಮ್ಮ ಕಾರು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ ಅಲ್ವಾ? ಸಂಜೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಎಸಿ ಹಾಕಿಕೊಂಡು, ಹೆಡ್‌ಲೈಟ್ ಹಚ್ಚಿಕೊಂಡು, ಮಳೆ ಇದ್ದರೆ ವೈಪರ್ ಕೂಡ ಓಡಿಸಿಕೊಂಡು ಐಡ್ಲಿಂಗ್‌ನಲ್ಲಿ ನಿಂತಿರುತ್ತೇವೆ. ಆಗ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ, ಕರೆಂಟ್ ಉತ್ಪಾದಿಸುವ ಯಂತ್ರ) ತನ್ನ ಪೂರ್ತಿ ಕರೆಂಟ್ ಕೊಡುವುದಿಲ್ಲ. 600 ವ್ಯಾಟಿನ ಆಂಪ್ ಪೂರ್ತಿ ದಮ್ಮಿನಲ್ಲಿ ಸುಮಾರು 54 ಆಂಪಿಯರ್ ಎಳೆಯುತ್ತದೆ. ಹಾಡಿನಲ್ಲಿ ಬಾಸ್ ಬಿಟ್ಟು ಬಿಟ್ಟು ಬರುವುದರಿಂದ ಸರಾಸರಿ ಅಷ್ಟಿರುವುದಿಲ್ಲ, ನಿಜ. ಆದರೂ ಸಣ್ಣ ಹ್ಯಾಚ್‌ಬ್ಯಾಕ್‌ಗೆ ಅದು ಭಾರವೇ. ನನ್ನ ಅಭಿಪ್ರಾಯ ಕೇಳಿದರೆ ಹ್ಯಾಚ್‌ಬ್ಯಾಕ್‌ಗೆ ಒಂದೇ ಒಂದು 10 ಅಥವಾ 12 ಇಂಚಿನ ಸಬ್, 300 ವ್ಯಾಟ್ ಆರ್‌ಎಂಎಸ್, ಸೀಲ್ಡ್ ಬಾಕ್ಸ್ (ತೂತಿಲ್ಲದ ಮುಚ್ಚಿದ ಪೆಟ್ಟಿಗೆ), ಅಷ್ಟು ಸಾಕು. ಪವರ್ ಎರಡು ಪಟ್ಟು ಮಾಡಿದರೂ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಆ ದುಡ್ಡನ್ನು ಮುಂದಿನ ಬಾಗಿಲುಗಳಿಗೆ ಹಾಕಿ.

ಯಾಕೆ ಅಂದರೆ ಹಾಡು ಇರುವುದೇ ಅಲ್ಲಿ. ಸಬ್ ಕೊಡುವುದು ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನದ್ದು. ಪಿ.ಬಿ. ಶ್ರೀನಿವಾಸ್ ಅವರ ದನಿ, ಭಾಗವತರ ಏರುಪದ, ಚೆಂಡೆಯ ಪೆಟ್ಟಿನ ಚುರುಕು ಎಲ್ಲವೂ ಬಾಗಿಲಿನ ಸ್ಪೀಕರ್‌ನಿಂದಲೇ ಬರಬೇಕು. ಸ್ಟೀರಿಯೊ ಮೇಲೆ 50 ವ್ಯಾಟ್ × 4 ಅಂತ ಬರೆದಿದ್ದರೂ ಒಳಗಿನ ಚಿಪ್ ಒಂದು ಸ್ಪೀಕರ್‌ಗೆ ಕೊಡುವುದು ಹೆಚ್ಚು ಕಡಿಮೆ 18-20 ವ್ಯಾಟ್ ಆರ್‌ಎಂಎಸ್. ಹಿಂದೆ 300 ವ್ಯಾಟ್ ಗುಡುಗುತ್ತಿರುವಾಗ ಮುಂದೆ 18 ವ್ಯಾಟ್ ಇದ್ದರೆ ಹಾಡಿನ ಸಾಲೇ ಕೇಳುವುದಿಲ್ಲ.

ಅದಕ್ಕೇ ಮುಂದಿನ ಬಾಗಿಲಿಗೆ 6.5 ಇಂಚಿನ ಕಾಂಪೊನೆಂಟ್ ಸೆಟ್ ಹಾಕಿಸಿ. ಅದರಲ್ಲಿ ಟ್ವೀಟರ್ (ತೀಕ್ಷ್ಣ ದನಿಯ ಸಣ್ಣ ಸ್ಪೀಕರ್) ಬೇರೆ ಇರುವುದರಿಂದ ಅದನ್ನು ಕಿವಿಯ ಮಟ್ಟಕ್ಕೆ ಹತ್ತಿರ ಕೂರಿಸಬಹುದು, ದನಿ ಕಾಲಿನ ಬುಡದಿಂದ ಬಂದ ಹಾಗೆ ಅನಿಸುವುದಿಲ್ಲ. ಚಾನೆಲ್‌ಗೆ 60ರಿಂದ 75 ವ್ಯಾಟ್ ಆರ್‌ಎಂಎಸ್ ಕೊಡಿ. ಎರಡೆರಡು ಆಂಪ್ ಬೇಡ ಅನ್ನುವವರಿಗೆ 5 ಚಾನೆಲ್ ಆಂಪ್ ಒಳ್ಳೆಯದು, ನಾಲ್ಕು ಚಾನೆಲ್ ಬಾಗಿಲುಗಳಿಗೆ, ಐದನೆಯದು ಸಬ್‌ಗೆ. ಆದರೆ ಆ ಐದನೆಯ ಚಾನೆಲ್ ಎಷ್ಟು ಓಮ್‌ಗೆ ಇಳಿಯಬಲ್ಲದು ಅಂತ ನೋಡಿಯೇ ಕೊಳ್ಳಿ, ತುಂಬಾ ಆಂಪ್‌ಗಳು 2 ಓಮ್‌ಗೇ ನಿಂತುಬಿಡುತ್ತವೆ. ಹಿಂದಿನ ಬಾಗಿಲಿನ ಸ್ಪೀಕರ್‌ಗಳನ್ನು ಸ್ಟೀರಿಯೊಗೇ ಬಿಟ್ಟರೂ ಏನೂ ನಷ್ಟವಿಲ್ಲ. ಸ್ಪೀಕರ್ ಡಬ್ಬದ ಮೇಲೆ ಸೆನ್ಸಿಟಿವಿಟಿ ಅಂತ ಒಂದು ನಂಬರ್ ಇರುತ್ತದೆ. ಒಂದೇ ತರ ಅಳೆದಿದ್ದರೆ, 91 ಡೆಸಿಬೆಲ್‌ನ ಸ್ಪೀಕರ್ ಅರ್ಧ ಪವರ್‌ನಲ್ಲೇ 88ರ ಸ್ಪೀಕರ್‌ನಷ್ಟು ಸದ್ದು ಮಾಡುತ್ತದೆ. "ಡಬಲ್ ಮ್ಯಾಗ್ನೆಟ್ ಇದೆ ಸಾರ್" ಅನ್ನುವ ಮಾತಿಗಿಂತ ಇದು ಎಷ್ಟೋ ಮುಖ್ಯ. ಆಳವನ್ನೂ ಅಳೆಯಿರಿ, ಗಾಜನ್ನು ಪೂರ್ತಿ ಇಳಿಸಿ ಅಳೆಯಿರಿ, ಇಲ್ಲದಿದ್ದರೆ ಮ್ಯಾಗ್ನೆಟ್‌ಗೆ ಗಾಜು ತಾಗುತ್ತದೆ.

ಇಲ್ಲಿನ ಮಳೆಗಾಲ ಗೊತ್ತಲ್ಲ. ಬಾಗಿಲಿನ ಒಳಗೆ ನೀರು ಇಳಿದೇ ಇಳಿಯುತ್ತದೆ. ಪೇಪರ್ ಕೋನ್‌ಗಿಂತ ಪಾಲಿಪ್ರೊಪಿಲೀನ್ ಕೋನ್ ಇಲ್ಲಿ ಬಾಳಿಕೆ. ಬಾಗಿಲಿಗೆ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ (ನಡುಕ ತಡೆಯುವ ರಬ್ಬರ್ ಹಾಳೆ) ಅಂಟಿಸಿದರೆ ಮಿಡ್‌ಬಾಸ್ (ಸಬ್‌ಗಿಂತ ಸ್ವಲ್ಪ ಮೇಲಿನ ಬಾಸ್) ತುಂಬಾ ಸುಧಾರಿಸುತ್ತದೆ, ಆದರೆ ಬಾಗಿಲಿನ ಕೆಳ ಅಂಚಿನಲ್ಲಿರುವ ನೀರು ಹೋಗುವ ಸಣ್ಣ ತೂತುಗಳನ್ನು ಮುಚ್ಚಲು ಬಿಡಬೇಡಿ. ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತು ನೋಡಿ. ಆಂಪ್ ಅನ್ನು ಸೀಟಿನ ಕೆಳಗಿನ ಕಾರ್ಪೆಟ್ ಮೇಲೆ ಇಡಿಸುವ ಬದಲು ಡಿಕ್ಕಿಯಲ್ಲಿ ಎತ್ತರದಲ್ಲಿ, ಗಾಳಿ ಆಡುವ ಕಡೆ ಹಾಕಿಸಿ. ಹಿಂದ್‌ಮಾತಾದಂಥ ಜಾಗದಲ್ಲಿ ನೀರು ನಿಂತರೆ ಮೊದಲು ನೆನೆಯುವುದು ಸೀಟಿನ ಕೆಳಗೇ.

ವಯರ್ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. 300 ವ್ಯಾಟ್‌ಗೆ 8 ಗೇಜ್, 600ಕ್ಕೆ 4 ಗೇಜ್ (ನಂಬರ್ ಕಡಿಮೆಯಾದಷ್ಟೂ ವಯರ್ ದಪ್ಪ), ಎರಡೂ ಶುದ್ಧ ತಾಮ್ರದ್ದು. ಅಗ್ಗದ ಕಿಟ್‌ಗಳಲ್ಲಿ ಬರುವುದು ಅಲ್ಯೂಮಿನಿಯಂ ಮೇಲೆ ತಾಮ್ರದ ತೆಳು ಲೇಪ. ತುದಿಯ ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆದು ನೋಡಿ: ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಹೊರಗೆ ಬೆಳ್ಳಗಿದ್ದು ಕೆರೆದಾಗ ಕೆಂಪು ಕಂಡರೆ ಅದು ತವರ ಲೇಪಿಸಿದ ತಾಮ್ರ, ಉಪ್ಪುಗಾಳಿ ಹೊಡೆಯುವ ಮುಂಬೈ, ಗೋವಾಕ್ಕೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಒಂದು ಫ್ಯೂಸ್ ಇರಲೇಬೇಕು. ಅದಿಲ್ಲದೆ ವಯರ್ ಎಲ್ಲಾದರೂ ತಗಡಿಗೆ ಉಜ್ಜಿ ಶಾರ್ಟ್ ಆದರೆ ಬೆಂಕಿಯೇ ಹತ್ತುತ್ತದೆ. ಅರ್ತ್ ವಯರ್ ಕೂಡ ಅಷ್ಟೇ ದಪ್ಪ, ಅರ್ಧ ಮೀಟರಿಗಿಂತ ಉದ್ದ ಬೇಡ, ಪೇಂಟ್ ಕೆರೆದು ಬರಿಯ ತಗಡಿಗೆ ಬೋಲ್ಟ್ ಮಾಡಿಸಿ. ಹೊಸ ಕಾರಾದರೆ ಕಂಪನಿ ವಯರ್ ಕತ್ತರಿಸಲು ಬಿಡಬೇಡಿ, ಆ ಮಾಡೆಲ್‌ನ ಕಪ್ಲರ್ (ಕತ್ತರಿಸದೆ ಸಿಗಿಸುವ ಜೋಡಣೆ) ಸಿಗುತ್ತದೆ.

ಎಲ್ಲ ಕೂತ ಮೇಲೆ ಗೇನ್. ಅಂಗಡಿಯ ಹುಡುಗರು ಕಿವಿಯಲ್ಲಿ ಕೇಳಿಯೇ ತಿರುಗಿಸಿಬಿಡುತ್ತಾರೆ, ನೀವು ಮೀಟರ್ ಇಟ್ಟು ಮಾಡಿ. ಸ್ಪೀಕರ್ ವಯರ್ ಬಿಚ್ಚಿ, ಬಾಸ್ ಬೂಸ್ಟ್ ಮತ್ತು ಈಕ್ವಲೈಜರ್ ಸೊನ್ನೆಗೆ ತನ್ನಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು 50 ಹರ್ಟ್ಸ್ ಟೆಸ್ಟ್ ಟೋನ್ ಹಾಕಿ. ಪವರ್ ಅನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟ್ ಸಿಗುತ್ತದೆ. 1 ಓಮ್‌ಗೆ 600 ವ್ಯಾಟ್ ಆದರೆ 24.5 ವೋಲ್ಟ್ (ಮೀಟರ್ ಎಸಿ ವೋಲ್ಟೇಜ್ ಅಳತೆಯಲ್ಲಿರಲಿ). 2 ಓಮ್‌ಗೆ 300 ಆದರೂ ಅಷ್ಟೇ. ಮೀಟರ್ ಅಲ್ಲಿಗೆ ಬರುವವರೆಗೆ ಗೇನ್ ನಿಧಾನವಾಗಿ ಏರಿಸಿ ನಿಲ್ಲಿಸಿ. ಬಾಗಿಲಿನ ಚಾನೆಲ್‌ಗೆ 1000 ಹರ್ಟ್ಸ್ ಟೋನ್. 4 ಓಮ್‌ಗೆ 60 ವ್ಯಾಟ್ ಅಂದರೆ 15.5 ವೋಲ್ಟ್.

ಆಮೇಲೆ ಸಬ್‌ಗೆ ಲೋ ಪಾಸ್ 80 ಹರ್ಟ್ಸ್ (ಅದಕ್ಕಿಂತ ಕೆಳಗಿನದ್ದಷ್ಟೇ ಹೋಗುತ್ತದೆ), ಬಾಗಿಲಿಗೆ ಹೈ ಪಾಸ್ 80 (ಅದಕ್ಕಿಂತ ಮೇಲಿನದ್ದಷ್ಟೇ). ಸಬ್‌ನ ಪ್ಲಸ್ ಮೈನಸ್ ಅದಲುಬದಲು ಮಾಡಿ ಎರಡೂ ರೀತಿ ಕೇಳಿ, ಡ್ರೈವರ್ ಸೀಟಿನಲ್ಲಿ ಕೂತಾಗ ಯಾವುದರಲ್ಲಿ ಬಾಸ್ ತುಂಬಿ ಬರುತ್ತದೋ ಅದನ್ನೇ ಇಟ್ಟುಕೊಳ್ಳಿ. ಕೊನೆಗೆ ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು, ಎಸಿ ಮತ್ತು ಹೆಡ್‌ಲೈಟ್ ಹಾಕಿ, ಬಾಸ್ ಜಾಸ್ತಿ ಇರುವ ಹಾಡು ಜೋರಾಗಿ ಇಟ್ಟು ಆಂಪ್‌ನ ಪವರ್ ಟರ್ಮಿನಲ್ ಮೇಲೆ ವೋಲ್ಟೇಜ್ ನೋಡಿ. ಬಡಿತಕ್ಕೊಮ್ಮೆ 12.5ಕ್ಕಿಂತ ಕೆಳಗೆ ಕುಸಿಯುತ್ತಿದ್ದರೆ ಮೊದಲು ವಯರ್, ಅರ್ತ್ ಪರೀಕ್ಷಿಸಿ, ಅವು ಸರಿ ಇದ್ದರೆ ಗೇನ್ ಇಳಿಸಿ. ಎರಡನೇ ಬ್ಯಾಟರಿ ಹಾಕಿಸಿ ಅಂತ ಯಾರಾದರೂ ಹೇಳಿದರೆ ದುಡ್ಡು ಬಿಚ್ಚಬೇಡಿ, ಅದನ್ನೂ ಚಾರ್ಜ್ ಮಾಡಬೇಕಾದ್ದು ಅದೇ ಆಲ್ಟರ್ನೇಟರ್.