ಮಳೆ ಮನೆಯ ಅಳಿಯನಾದರೆ: ಕೊಡಗಿನ ವರ್ಷಚಕ್ರಕ್ಕೆ ಹೊಸ ದೇವಕುಲ ಕಟ್ಟುವ ಬಗೆ

ಮಕ್ಕಳ ನಾಟಕಕ್ಕೋ ಕಾದಂಬರಿಗೋ ಹೊಸ ದೇವರುಗಳನ್ನು ಹುಟ್ಟಿಸಲು ಕೂತವರು ಮೊದಲು ಪಟ್ಟಿ ಬರೆಯುತ್ತಾರೆ. ಮಳೆಗೊಬ್ಬ, ಬಿಸಿಲಿಗೊಬ್ಬ, ಚಳಿಗೊಬ್ಬಳು. ಪಟ್ಟಿ ಮುಗಿಯುತ್ತದೆ, ಕಥೆ ಶುರುವಾಗುವುದಿಲ್ಲ. ಮಳೆಯ ದೇವರು ಮಳೆ ಸುರಿಸುತ್ತಾನೆ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಅವನು ಜೂನ್‌ನಲ್ಲೇ ಯಾಕೆ ಬರುತ್ತಾನೆ, ಯಾರ ಮನೆಗೆ ಬರುತ್ತಾನೆ, ಸೆಪ್ಟೆಂಬರಿನವರೆಗೆ ಯಾಕೆ ಹೊರಡುವುದಿಲ್ಲ? ಉತ್ತರ ಸಿಗುವುದು ಅವನಿಗೂ ಇನ್ನೊಬ್ಬರಿಗೂ ಇರುವ ಸಂಬಂಧದಲ್ಲಿ.

ಮೊದಲು ವರ್ಷ, ಆಮೇಲೆ ದೇವರು

ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ವೃತ್ತ ಬರೆದು 12 ಭಾಗ ಮಾಡಿ. ಏಪ್ರಿಲ್ ನಡುವಿನ ಎಡಮ್ಯಾರ್ ಒಂದರಿಂದ, ಅಂದರೆ ಕೊಡವರ ಹೊಸ ವರ್ಷದ ಮೊದಲ ದಿನದಿಂದ, ಶುರು ಮಾಡಿ. ಜನವರಿ 1ರಿಂದ ಬೇಡ, ಆ ದಿನ ಗದ್ದೆಯಲ್ಲಾಗಲಿ ತೋಟದಲ್ಲಾಗಲಿ ಹೊಸದೇನೂ ಆರಂಭವಾಗುವುದಿಲ್ಲ. ವೃತ್ತದ ಹೊರಸುತ್ತಿನಲ್ಲಿ ಮಳೆ ನಕ್ಷತ್ರಗಳನ್ನು ಬರೆಯಿರಿ. ನಕ್ಷತ್ರಗಳು 27, ಒಂದೊಂದಕ್ಕೆ 13ರಿಂದ 14 ದಿನ. ಜೂನ್ ಮೊದಲ ವಾರ ಕಳೆಯುವಾಗ ಮೃಗಶಿರಾ, 21–22ಕ್ಕೆ ಆರಿದ್ರಾ, ಜುಲೈ 5–6ಕ್ಕೆ ಪುನರ್ವಸು, 19–20ಕ್ಕೆ ಪುಷ್ಯ, ಆಗಸ್ಟ್ 3ರ ಹೊತ್ತಿಗೆ ಆಶ್ಲೇಷ. ತಿಂಗಳ ಲೆಕ್ಕ ಕಥೆಗೆ ಬಹಳ ದೊರಗು. ಹದಿನಾಲ್ಕು ದಿನದ ಲೆಕ್ಕದಲ್ಲಿ ದೇವರು ಎರಡು ಹೆಜ್ಜೆ ತಡ ಮಾಡಿದರೂ ಗೊತ್ತಾಗುತ್ತದೆ.

ಒಳಸುತ್ತಿನಲ್ಲಿ ಪ್ರತಿ ತಿಂಗಳಿಗೂ ಮೂರು ಸಾಲು: ಕಣ್ಣಿಗೆ ಬೀಳುವುದು, ಕಿವಿಗೆ ಕೇಳುವುದು, ಕೈ ಮಾಡುವ ಕೆಲಸ. ಇದನ್ನು ಅವಸರದಲ್ಲಿ ಮುಗಿಸಬೇಡಿ, ಇಡೀ ಕೆಲಸದ ಅರ್ಧ ಸಮಯ ಇಲ್ಲೇ ಹೋಗಬೇಕು. ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಕೆಳಗೆ ‘ಜೋರು ಮಳೆ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಒಲೆಯ ಮೇಲಿನ ಹಗ್ಗದಲ್ಲಿ ಮೂರು ದಿನವಾದರೂ ಒಣಗದ ಬಟ್ಟೆ, ಅದಕ್ಕೆ ಹತ್ತಿದ ಹೊಗೆ ವಾಸನೆ, ಮೀನಖಂಡ ಹತ್ತುವ ಜಿಗಣೆ, ನಾಟಿಯವರ ಬೆನ್ನ ಮೇಲಿನ ಪ್ಲಾಸ್ಟಿಕ್ ಕೊಪ್ಪೆ, ಏಡಿ ಸಾರು, ನೀರಲ್ಲಿ ನೆನೆಯುತ್ತಿರುವ ಕಣಿಲೆ (ಎಳೆ ಬಿದಿರು). ಕೊನೆಗೆ ದೇವರ ಗುಣ ಹುಟ್ಟುವುದು ಇವುಗಳಿಂದಲೇ.

ಚಕ್ರ ತುಂಬಿದ ಮೇಲೆ ಏಳು ತಿರುವುಗಳನ್ನು ಮಾತ್ರ ಆರಿಸಿ: ಬೇಸಿಗೆಯ ಹೂಮಳೆ (ಕಾಫಿ ಹೂ ಬಿರಿಸುವ ಮಳೆ), ಮುಂಗಾರು ಹಿಡಿಯುವುದು, ಕಕ್ಕಡದ ಜಡಿ, ಮಳೆ ಸಡಿಲಾಗಿ ಸೆಪ್ಟೆಂಬರ್ ಆರಂಭದಲ್ಲಿ ಬರುವ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್, ತುಲಾ ತಿಂಗಳ (ಅಕ್ಟೋಬರ್ ನಡುವಿನಿಂದ) ಗುಡುಗು ಮಳೆ, ಹೊಸ ಭತ್ತದ ಹಬ್ಬವಾದ ಪುತ್ತರಿಯ ಕುಯ್ಲು, ಆಮೇಲಿನ ಮಂಜು. ಏಳಕ್ಕಿಂತ ಹೆಚ್ಚಾದರೆ ಕೇಳುವವರಿಗೆ ನೆನಪಿರುವುದಿಲ್ಲ.

ಇಲ್ಲಿ ಆಗುವ ದೊಡ್ಡ ತಪ್ಪು ವಸಂತ, ಬೇಸಿಗೆ, ಶರತ್ತು, ಹಿಮಗಾಲ ಎಂಬ ನಾಲ್ಕರ ಅಚ್ಚು. ಗ್ರೀಕರ ಬೆಳೆಯ ದೇವತೆ ಡಿಮೀಟರ್ ಕಥೆಯಲ್ಲಿ ಮಗಳು ಪರ್ಸೆಫೊನಿ ವರ್ಷದ ಮೂರನೇ ಒಂದು ಪಾಲು ಪಾತಾಳದಲ್ಲಿ ಗಂಡನ ಬಳಿ ಇರುತ್ತಾಳೆ, ತಾಯಿಯ ದುಃಖಕ್ಕೆ ಭೂಮಿ ಬರಡಾಗುತ್ತದೆ. ಆ ನೆಲಕ್ಕೆ ಅದು ಸರಿ. ಕೊಡಗಿನಲ್ಲಿ ಮನುಷ್ಯರು ಒಳಗೆ ಸಿಕ್ಕಿಕೊಂಡು ಬೇಸರಪಡುವ ಕಾಲದಲ್ಲೇ ಭೂಮಿ ಅತಿ ಹಸಿರಾಗಿರುತ್ತದೆ. ಇಲ್ಲಿಯ ಕಷ್ಟದ ಕಾಲವನ್ನು ತಾಯಿಯ ಶೋಕದಿಂದ ವಿವರಿಸಲು ಹೋದರೆ ಕಥೆ ಒಂದು ಕಡೆ, ಕಿಟಕಿಯಾಚೆಯ ಗದ್ದೆ ಇನ್ನೊಂದು ಕಡೆ. ಇಲ್ಲಿಗೆ ಬೇಕಾದದ್ದು ಅತಿಯಾದ ಪ್ರೀತಿಯ ಕಥೆ, ಹೊರಡಲೊಲ್ಲದ ನೆಂಟನ ಕಥೆ.

ಸಂಬಂಧಕ್ಕೂ ಒಂದು ನಡಿಗೆಯಿದೆ

ಪ್ರತಿ ಸಂಬಂಧವೂ ಕಾಲದಲ್ಲಿ ತನ್ನದೇ ರೀತಿ ನಡೆಯುತ್ತದೆ. ಜಗಳ ಹೇಳದೆ ಕೇಳದೆ ಶುರುವಾಗಿ ಬೇಗ ಆರುತ್ತದೆ. ಸಾಲ ಸದ್ದಿಲ್ಲದೆ ಬೆಳೆದು ಒಂದೇ ದಿನ ತೀರುತ್ತದೆ. ನೆಂಟಸ್ತಿಕೆ ಹೆಚ್ಚುಕಡಿಮೆ ಅದೇ ದಿನಕ್ಕೆ ಬರುತ್ತದೆ, ಮೊದಲು ಸಂಭ್ರಮ, ನಡುವೆ ಬಳಲಿಕೆ, ಹೊರಟಾಗ ನಿಟ್ಟುಸಿರು. ಬಸಿರು ನಿಧಾನವಾಗಿ ತುಂಬುತ್ತದೆ, ಹಿಂದೆ ತಿರುಗುವುದಿಲ್ಲ. ಕಾಲದ ನಡಿಗೆಯನ್ನೂ ಸಂಬಂಧದ ನಡಿಗೆಯನ್ನೂ ಪಕ್ಕದಲ್ಲಿಟ್ಟು ನೋಡಿ ಜೋಡಿಸಿ. ಗುಡುಗು ಕೇಳಿದ ಕೂಡಲೇ ಜಗಳ ಎಂದು ಬರೆಯುವವರು ಮುಂಗಾರಿಗೂ ಜಗಳವನ್ನೇ ಕೊಡುತ್ತಾರೆ. ನಾಲ್ಕು ತಿಂಗಳು, ನಡುನಡುವೆ ಹೊಳವು ಕೊಟ್ಟು, ಮತ್ತೆ ಹಿಡಿಯುವ ಮಳೆ ಯಾವ ಜಗಳಕ್ಕೂ ಹೊಂದುವುದಿಲ್ಲ. ಅಳಿಯನಿಗೆ ಸರಿಯಾಗಿ ಹೊಂದುತ್ತದೆ, ಅವನನ್ನು ಹೊರಡು ಎನ್ನುವಂತಿಲ್ಲ.

ಇನ್ನೊಂದು ಕಟ್ಟುನಿಟ್ಟು: ವ್ಯವಹಾರ ಮುಗಿಯಬಾರದು. ಸಾಲ ಪೂರ್ತಿ ತೀರಿದರೆ, ಗಂಡಹೆಂಡತಿ ಒಂದಾದರೆ, ಮುಂದಿನ ವರ್ಷ ತಿರುಗಲು ಕಾರಣವೇ ಉಳಿಯುವುದಿಲ್ಲ.

ಒಂದು ಮಾದರಿ

ಆರು ಜನ ಸಾಕು. ಆರು ಜನರ ನಡುವೆ 15 ಜೋಡಿಗಳಾಗುತ್ತವೆ, ಅದರಲ್ಲಿ ಏಳನ್ನು ಬಳಸಿ. ಒಂಬತ್ತು ಜನರನ್ನಿಟ್ಟರೆ ಜೋಡಿ 36 ಆಗುತ್ತದೆ, ಬರೆದವರಿಗೇ ಲೆಕ್ಕ ತಪ್ಪುತ್ತದೆ.

ಬಾಣೆ ಎಂಬವಳು ಮನೆಯೊಡತಿ, ಎತ್ತರದ ನೆಲ. ಅವಳಿಗೆ ಮೂವರು ಮಕ್ಕಳು: ಹಿರಿಮಗಳು ಒರತೆ, ಮಗ ಉರಿಗ (ಬಿಸಿಲು), ಕಿರಿಮಗಳು ಮಂಜಿಣಿ. ಒರತೆಯ ಗಂಡ ಜಡಿಯ (ಮಳೆ), ಪಡುವಣ ಕಡಲಿನವನು. ಇವರಿಬ್ಬರ ಮಗು ಬಿರಿ, ಅಜ್ಜಿ ಬಾಣೆಯ ಮಡಿಲಲ್ಲಿ ಮಲಗಿರುವ ಮೊಗ್ಗು.

ಜಡಿಯ ಪ್ರತಿ ವರ್ಷ ಮೃಗಶಿರಾಕ್ಕೆ ಹೆಂಡತಿಯನ್ನು ಕರೆದೊಯ್ಯಲು ಬರುತ್ತಾನೆ. ‘ನಾಟಿ ಮುಗಿಯಲಿ, ಕಳಿಸುತ್ತೇನೆ’ ಎನ್ನುತ್ತಾಳೆ ಅತ್ತೆ. ಕಾಯುತ್ತ ಕೂರುತ್ತಾನೆ. ಕಕ್ಕಡದ ಹೊತ್ತಿಗೆ ಮನೆಯಲ್ಲಿ ಸೌದೆ ಮುಗಿಯುತ್ತ ಬಂದಿದೆ, ಒಬ್ಬರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಾಟಿ ಮುಗಿಯುವಾಗ ಒರತೆ ಗದ್ದೆಗೆ ಇಳಿದಾಗಿದೆ, ತೆನೆ ಬಲಿಯದೆ ಏಳಲಾರಳು. ಜಡಿಯ ಒಬ್ಬನೇ ಹೊರಡುತ್ತಾನೆ, ಬಂದ ದಾರಿಯಲ್ಲಿ ಹೋಗಲು ಮರ್ಯಾದೆ ಅಡ್ಡಬಂದು ಮೂಡಣದ ದಾರಿ ಹಿಡಿಯುತ್ತಾನೆ. ತುಲಾ ತಿಂಗಳಲ್ಲಿ ಅಲ್ಲಿಂದಲೇ ತಿರುಗಿ ನಿಂತು ಮಧ್ಯಾಹ್ನದ ಮೇಲೆ ಹೆಂಡತಿಯನ್ನು ಕೂಗುತ್ತಾನೆ. ಹಿಂಗಾರು ಬರುವುದೇ ಬಂಗಾಳ ಕೊಲ್ಲಿಯ ಕಡೆಯಿಂದ, ಗುಡುಗಿನೊಂದಿಗೆ. ಹಾಗಾಗಿ ಕಥೆ ಆಕಾಶದ ದಿಕ್ಕಿಗೂ ಸರಿಯಾಗಿ ಕೂರುತ್ತದೆ. ಕುಯ್ಲಾಗಿ ಗದ್ದೆ ಬರಿದಾದ ಮೇಲೆ ಒರತೆಗೆ ಬಿಡುವು, ಆದರೆ ಅಷ್ಟರಲ್ಲಿ ಗಂಡ ದೂರ ಹೋಗಿಬಿಟ್ಟಿದ್ದಾನೆ. ಅವಳು ಸೊರಗಿ ನೆಲದೊಳಗೆ ಇಳಿಯುತ್ತಾಳೆ, ಮಾರ್ಚಿಗೆ ಬಾವಿಯ ತಳ ಕಾಣುತ್ತದೆ.

ಹೂಮಳೆಯ ಭಾಗವನ್ನು ಅಳತೆಯಿಂದ ಕಟ್ಟಬೇಕು. ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಅಳೆಯುವ ಜಿಲ್ಲೆ ಇದು. ಕಾಫಿ ಮೊಗ್ಗು ಬಿರಿಯಲು ಸುಮಾರು ಒಂದರಿಂದ ಒಂದೂವರೆ ಇಂಚು ಬೇಕು. ಬಿದ್ದ ಎಂಟರಿಂದ ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನ ಹಾಗೇ ನಿಲ್ಲುತ್ತದೆ. ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬಾರದಿದ್ದರೆ ಕಾಯಿ ನಿಲ್ಲುವುದು ಕಷ್ಟ. ಆದ್ದರಿಂದ ಜಡಿಯ ದೂರದಿಂದ ಮಗುವಿಗೆ ಕಳಿಸುವ ಉಡುಗೊರೆ ಎರಡು ಕಂತಿನದು. ಮೊದಲನೆಯದಕ್ಕೆ ಬಿರಿ ಒಂಬತ್ತನೇ ದಿನ ಕಣ್ಣು ಬಿಡುತ್ತದೆ. ಎರಡನೆಯದು ಬಂದರೆ ಅಪ್ಪನನ್ನು ನಂಬಿ ಉಳಿಯುತ್ತದೆ, ಬಾರದಿದ್ದರೆ ಮತ್ತೆ ಮಲಗುತ್ತದೆ. ಅರ್ಧ ಇಂಚಷ್ಟೇ ಬಿದ್ದ ವರ್ಷ ಅರೆಗಣ್ಣು. ಹೂ ಬಿಟ್ಟ ದಿನವೇ ಉಡುಗೊರೆ ಬಂದು ಬಿದ್ದರೂ ಕೇಡು, ಪರಾಗ ತೊಳೆದುಹೋಗುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇಬೇಕು, ಅರೇಬಿಕಾ ತನ್ನದರಲ್ಲೇ ಕಾಯಿ ಕಟ್ಟುತ್ತದೆ. ಜೇನು ಹುಳುವಿಗೆ ಪಾತ್ರ ಕೊಡುವುದಿದ್ದರೆ ರೊಬಸ್ಟಾ ತೋಟದಲ್ಲಿ ಕೊಡಿ. ಕಥೆ ಬಹಳ ಹಳೆಯ ಕಾಲದ್ದೆಂದು ತೋರಿಸಬೇಕಿದ್ದರೆ ಕಾಫಿಯನ್ನೇ ಬಿಟ್ಟು ಕಾಡಿನ ಹೂ ಹಿಡಿಯಿರಿ, ಏಕೆಂದರೆ ಇಲ್ಲಿ ಕಾಫಿ ತೋಟಗಳು ಹಬ್ಬಿದ್ದು 19ನೇ ಶತಮಾನದಲ್ಲಿ.

ಮಂಜು ಜುಲೈಯಲ್ಲೂ ಇದೆ, ಜನವರಿಯಲ್ಲೂ ಇದೆ. ಒಂದೇ ವಸ್ತು ಎರಡು ಕಾಲದಲ್ಲಿ ಬಂದಾಗ ಇಬ್ಬರು ದೇವರನ್ನು ಮಾಡಬೇಡಿ, ಒಬ್ಬಳಿಗೇ ಎರಡು ಕಾರಣ ಕೊಡಿ. ಉರಿಗನಿಗೂ ಜಡಿಯನಿಗೂ ಮದುವೆಯ ದಿನದಿಂದ ಆಗದು, ಒಂದೇ ಸೂರಿನಡಿ ಇರುವುದಿಲ್ಲ. ಭಾವ ಬಂದಾಗ ಅಣ್ಣ ಮನೆಯಲ್ಲಿಲ್ಲ, ಹಾಗಾಗಿ ಮಂಜಿಣಿ ಇಡೀ ದಿನ ಮುಸುಕು ಹಾಕಿ ಓಡಾಡುತ್ತಾಳೆ. ಜನವರಿಯಲ್ಲಿ ಅಣ್ಣ ಮನೆಯಲ್ಲಿದ್ದಾನೆ, ಅವನು ಎದ್ದು ಬರುವ ಒಂಬತ್ತು ಗಂಟೆಯವರೆಗೆ ಮಾತ್ರ ಅವಳ ಆಟ. ಬಿಸಿಲು ಮಳೆಗೆ ಕಾಗೆಗೂ ನರಿಗೂ ಮದುವೆ ಎಂಬ ಮಾತು ಈಗಾಗಲೇ ಇದೆ, ಅದನ್ನು ಹಾಗೇ ಬಿಡಿ. ಜನರ ಬಾಯಲ್ಲಿರುವುದನ್ನು ಕಿತ್ತು ನಿಮ್ಮದನ್ನು ನೆಡುವುದು ಅನ್ಯಾಯ.

ಹೆಸರು

ನೆಲದ ಮಾತಿನಿಂದ ತೆಗೆಯಿರಿ: ಜಡಿ, ಒರತೆ, ಬಾಣೆ. ಕೊನೆಗೆ ‘ಅಪ್ಪ’, ‘ಅಮ್ಮ’ ಸೇರಿಸಬೇಡಿ. ಇಗ್ಗುತ್ತಪ್ಪ ಇಲ್ಲಿ ಮಳೆ ಬೆಳೆಯ ದೇವರು, ಪುತ್ತರಿಯ ದಿನವೂ ಮುಹೂರ್ತವೂ ನಿಗದಿಯಾಗುವುದು ಕಕ್ಕಬೆಯ ಆ ಸನ್ನಿಧಿಯಲ್ಲಿ. ಕಾವೇರಿ ಇಲ್ಲಿ ತಾಯಿ. ನಿಮ್ಮ ಕಲ್ಪನೆಯ ದೇವರು ಅವರ ಬಂಧುವೋ ಪ್ರತಿಸ್ಪರ್ಧಿಯೋ ಆಗಿ ಕೇಳಿಸಬಾರದು. ದೇವರಕಾಡು, ಗುರುಕಾರೋಣರ (ಮನೆತನದ ಹಿರಿಯರ) ವಿಧಿಗಳನ್ನೂ ಎತ್ತಿಕೊಳ್ಳಬೇಡಿ. ಪುಸ್ತಕದ ಮೊದಲ ಪುಟದಲ್ಲೇ ಇದು ಕಟ್ಟುಕಥೆ ಎಂದು ಅಚ್ಚು ಹಾಕಿಸಿ, ನಾಟಕವಾದರೆ ಪರದೆ ಏಳುವ ಮೊದಲು ಹೇಳಿಸಿ.

ಕೆಟ್ಟ ವರ್ಷಗಳು

ಒಳ್ಳೆಯ ವರ್ಷವನ್ನು ಯಾವ ಕಥೆಯಾದರೂ ವಿವರಿಸುತ್ತದೆ. ದೇವಕುಲಕ್ಕೆ ಮೂರು ಪ್ರಶ್ನೆ ಕೇಳಿ: ಮಳೆ ತಡವಾದರೆ ಯಾಕೆ? ಅತಿಯಾದರೆ ಯಾಕೆ? ಅಲ್ಲಿ ಬಂದು ಇಲ್ಲಿ ಬಾರದಿದ್ದರೆ ಯಾಕೆ? ಮೂರಕ್ಕೂ ‘ಕೋಪ ಬಂತು’ ಎಂಬುದೊಂದೇ ಉತ್ತರವಾದರೆ ಸಂಬಂಧ ಇನ್ನೂ ಗಟ್ಟಿಯಾಗಿಲ್ಲ, ಹಿಂದಕ್ಕೆ ಹೋಗಿ.

ಮೂರನೆಯ ಪ್ರಶ್ನೆಗೆ ಕೊಡಗಿನಲ್ಲಿ ಉತ್ತರ ಇರಲೇಬೇಕು. ಪಡುವಣ ಗಾಳಿ ಘಟ್ಟ ಹತ್ತುವಾಗ ನೀರು ಇಳಿಸುತ್ತದೆ. ಭಾಗಮಂಡಲದಲ್ಲಿ ಸುರಿಯುವಷ್ಟು ಮಡಿಕೇರಿಯಲ್ಲಿಲ್ಲ, ಕುಶಾಲನಗರದ ಹೊತ್ತಿಗೆ ಬಹಳ ಕಡಿಮೆ. ಜಡಿಯ ಹೊರೆ ಹೊತ್ತು ಬಂದವನು ಮೊದಲ ಜಗಲಿಯಲ್ಲೇ ಹೆಚ್ಚಿನದನ್ನು ಇಳಿಸಿದ, ಕೊನೆಯ ಮನೆಗೆ ಹೋಗುವಾಗ ಕೈಯಲ್ಲಿ ಉಳಿದದ್ದು ಒಂದು ಹಿಡಿ. ಅಷ್ಟು ಸಾಕು.

2018ರ ಆಗಸ್ಟಿನಂಥ ದುರಂತವನ್ನು ಮಾತ್ರ ದೇವರ ಲೆಕ್ಕಕ್ಕೆ ಬರೆಯಬೇಡಿ. ಗುಡ್ಡ ಕುಸಿದು ಮನೆ ಮಂದಿಯನ್ನು ಕಳೆದುಕೊಂಡವರು ಇಲ್ಲೇ ಇದ್ದಾರೆ. ‘ಅತ್ತೆಯ ಮೇಲಿನ ಮುನಿಸಿಗೆ ಅಳಿಯ ಗುಡ್ಡ ಬೀಳಿಸಿದ’ ಎಂಬ ಸಾಲು ಅವರ ಮಕ್ಕಳ ಕಿವಿಗೂ ಬೀಳುತ್ತದೆ.

ಮುಟ್ಟಿ ನೋಡಬಹುದಾದ ಗುರುತು

ಕಾವೇರಿಯನ್ನು ತಡೆಯಲು ಹೋದಾಗ ಬಲಮುರಿಯಲ್ಲಿ ಅವಳ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು ಎಂಬ ಕಥೆಯ ಬಲ ಎಲ್ಲಿದೆ ನೋಡಿ: ಕೊಡವ ಹೆಂಗಸರು ಇಂದಿಗೂ ನೆರಿಗೆಯನ್ನು ಹಿಂದೆ ಉಡುತ್ತಾರೆ. ಕಕ್ಕಡ 18ಕ್ಕೆ ಮದ್ದುಸೊಪ್ಪಿನಲ್ಲಿ 18 ಬಗೆಯ ಮದ್ದು ಸೇರುತ್ತದೆ ಎಂಬ ನಂಬಿಕೆಗೂ ಹಾಗೆಯೇ ಕಣ್ಣಿಗೆ ಬೀಳುವ ಆಧಾರವಿದೆ, ಸೊಪ್ಪು ಬೇಯಿಸಿದ ನೀರು ಕಡು ನೇರಳೆಯಾಗಿ ಪಾಯಸಕ್ಕೆ ಇಳಿಯುತ್ತದೆ. ನಿಮ್ಮ ದೇವಕುಲಕ್ಕೂ ಇಂಥ ಒಂದೇ ಒಂದು ಗುರುತು ಕೊಡಿ.

ಮಾದರಿಯಲ್ಲಿ ಅದು ಕಣಿಲೆ. ಎಳೆ ಬಿದಿರನ್ನು ಕೊಯ್ದ ದಿನವೇ ತಿನ್ನುವಂತಿಲ್ಲ, ವಿಷದ ಅಂಶವಿದೆ. ಸಿಪ್ಪೆ ಸುಲಿದು ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರಲ್ಲಿಟ್ಟು, ದಿನಕ್ಕೊಮ್ಮೆ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ಬಾಣೆ ಅಳಿಯನಿಗೆ ಮಾಡುವ ಅಡುಗೆ ಇದೇ. ಪ್ರತಿ ಸಲ ಅವನು ‘ಹೊರಡುತ್ತೇನೆ’ ಎಂದಾಗ ಅತ್ತೆ ‘ಕಣಿಲೆ ನೀರಲ್ಲಿದೆ, ಮೂರು ದಿನ ಇರು’ ಎನ್ನುತ್ತಾಳೆ. ಮಳೆ ಬಿಟ್ಟಂತೆ ಮಾಡಿ ಮತ್ತೆ ಮೂರು ದಿನ ಹಿಡಿಯುವುದಕ್ಕೆ ಇದಕ್ಕಿಂತ ಹತ್ತಿರದ ಕಾರಣ ಬೇಕಿಲ್ಲ. ರಂಗದ ಮೇಲೆ ಮಣ್ಣಿನ ಪಾತ್ರೆಯೊಂದರಲ್ಲಿ ಹೆಚ್ಚಿದ ಬಿಳಿ ಹೋಳುಗಳು, ನೀರು ಚೆಲ್ಲುವ ಸದ್ದು, ಮತ್ತೆ ನೀರು ತುಂಬುವ ಸದ್ದು. ಹಿಮ್ಮೇಳವೇ ಬೇಡ.

ಪರೀಕ್ಷೆ

ಕಥೆಯನ್ನು ಬಾಯಲ್ಲಿ ಹೇಳಿ, ಐದು ನಿಮಿಷ ದಾಟಿದರೆ ಒಬ್ಬ ದೇವರನ್ನು ತೆಗೆಯಿರಿ. ತೆಗೆದರೂ ಯಾವ ತಿರುವೂ ಕೆಡದಿದ್ದರೆ ಆ ದೇವರು ಬೇಕಿರಲಿಲ್ಲ.

ಕೊನೆಯದಾಗಿ, ಮಳೆ ಲೆಕ್ಕ ಬರೆದಿಟ್ಟ ಡೈರಿ ಇರುವ ತೋಟದ ಮನೆಯೊಂದನ್ನು ಹುಡುಕಿ. ಹತ್ತು ವರ್ಷದ ಪುಟಗಳನ್ನು ತೆರೆದು ಪ್ರತಿ ವರ್ಷವನ್ನೂ ನಿಮ್ಮ ದೇವರುಗಳ ಮಾತಿನಲ್ಲಿ ಎರಡೆರಡು ಸಾಲಿನಲ್ಲಿ ಹೇಳಿ ನೋಡಿ: ಈ ವರ್ಷ ಉಡುಗೊರೆಯ ಎರಡನೇ ಕಂತು ಬರಲಿಲ್ಲ, ಆ ವರ್ಷ ಜಡಿಯ ಆರಿದ್ರಾ ಕಳೆದು ಬಂದ, ಇನ್ನೊಂದು ವರ್ಷ ಡಿಸೆಂಬರಿನಲ್ಲಿ ಕಣದ ಮೇಲೆ ಕಾಫಿ ಹರಡಿರುವಾಗ ಮೂಡಣದಿಂದ ಕೂಗಿದ. ಎಂಟು ವರ್ಷ ಹೊಂದಿದರೆ ಕಟ್ಟಡ ನಿಲ್ಲುತ್ತದೆ. ಹೊಂದದ ಎರಡು ವರ್ಷಗಳನ್ನು ತಿದ್ದಲು ಹೋಗದೆ ಬಾಣೆಯನ್ನೇ ಕೇಳುವ ಒಂದು ದೃಶ್ಯ ಬರೆಯಿರಿ. ಅವಳು ಉತ್ತರ ಹೇಳದೆ ಕಣಿಲೆಯ ನೀರು ಬದಲಿಸಲಿ.