ನೇರಳೆ ರಸ ಪುಡಿಯಾಗಬೇಕಾದರೆ: ಲ್ಯಾಬ್ ಸ್ಪ್ರೇ ಡ್ರೈಯರ್ ನಡೆಸುವ ಬಗೆ

ಸ್ಪ್ರೇ ಡ್ರೈಯರ್ ಎಂದರೆ ದ್ರವವನ್ನು ಬಿಸಿ ಗಾಳಿಗೆ ಸಿಂಪಡಿಸಿ ಪುಡಿ ಮಾಡುವ ಯಂತ್ರ. ಅದರಲ್ಲಿ ಕಣ್ಣಿಡಬೇಕಾದದ್ದು ಔಟ್‌ಲೆಟ್ (ಗಾಳಿ ಹೊರಹೋಗುವ ಕಡೆಯ) ತಾಪಮಾನದ ಮೇಲೆ. ಅದನ್ನು ನೇರವಾಗಿ ಸೆಟ್ ಮಾಡಲು ಬರುವುದಿಲ್ಲ. ಇನ್‌ಲೆಟ್ (ಗಾಳಿ ಒಳಬರುವ ಕಡೆಯ) ಬಿಸಿ, ರಸ ದೂಡುವ ಪಂಪಿನ ವೇಗ, ಆಸ್ಪಿರೇಟರ್ ಎಂಬ ಹೀರುವ ಫ್ಯಾನ್ ಎಳೆಯುವ ಗಾಳಿ ಇವೆಲ್ಲ ಸೇರಿ ಅದನ್ನು ತೀರ್ಮಾನಿಸುತ್ತವೆ. ಇಲ್ಲಿನ ಲೆಕ್ಕ ಬ್ಯೂಕಿ ಬಿ-290ರಂಥ, ಗಂಟೆಗೆ ಸುಮಾರು 1 ಲೀಟರ್ ನೀರು ಆರಿಸುವ, 0.7 ಮಿ.ಮೀ. ನಾಝಲ್‌ನ (ಸಿಂಪಡಿಸುವ ಮೂತಿಯ) ಗಾಜಿನ ಯಂತ್ರಕ್ಕೆ.

ಬರೀ ರಸ ಬಿಟ್ಟರೆ ಪುಡಿ ಸಿಗದು, ಗಾಜಿಗೆ ಪಾಕ ಮೆತ್ತಿಕೊಳ್ಳುತ್ತದೆ. ಒಣಗಿದ ಗ್ಲೂಕೋಸ್ ಸುಮಾರು 31 ಡಿಗ್ರಿಗೇ ಮೆತ್ತಗಾಗುತ್ತದೆ, ಫ್ರಕ್ಟೋಸ್ ಅಂತೂ 5 ಡಿಗ್ರಿಗೆ. ಪಿಷ್ಟವನ್ನು ಒಡೆದು ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್ ಪುಡಿ (ಡಿ.ಇ. 10; ಡಿ.ಇ. ಎಂದರೆ ಪಿಷ್ಟ ಎಷ್ಟು ಒಡೆದಿದೆ ಎಂಬ ಅಳತೆ) 160ರ ಆಸುಪಾಸಿನವರೆಗೂ ಗಟ್ಟಿ. ಅದನ್ನು ಬೆರೆಸುವುದು ಇದಕ್ಕೇ.

12 ಬ್ರಿಕ್ಸ್ (ನೂರು ಗ್ರಾಮಿನಲ್ಲಿ ಸುಮಾರು 12 ಗ್ರಾಂ ಕರಗಿದ ಘನಾಂಶ ಇರುವ) ರಸ 500 ಗ್ರಾಂ ತೆಗೆದುಕೊಂಡರೆ ಅದರಲ್ಲಿ ಘನಾಂಶ ಸುಮಾರು 60 ಗ್ರಾಂ. ಅಷ್ಟೇ ತೂಕದ ಮಾಲ್ಟೋಡೆಕ್ಸ್‌ಟ್ರಿನ್ ಹಾಕಿ, ಗಂಟಿಲ್ಲದಂತೆ ಕಲಕಿ, 100 ಮೈಕ್ರಾನ್ ಬಟ್ಟೆಯಲ್ಲಿ ಸೋಸಿ. ಸೋಸುವುದನ್ನು ಬಿಡಲೇಬೇಡಿ, ಒಂದು ಚೂರು ತಿರುಳು ಸಾಕು ನಾಝಲ್ ಕಟ್ಟಲು.

ಮೊದಲು ಆಸ್ಪಿರೇಟರ್ ಪೂರ್ತಿ ಹಾಕಿ, ಆಮೇಲೆ ನಾಝಲ್‌ನಲ್ಲಿ ರಸವನ್ನು ತುಂತುರಾಗಿಸುವ ಸಿಂಪಡಿಕೆ ಗಾಳಿ, ಕೊನೆಗೆ ಹೀಟರ್. ಇನ್‌ಲೆಟ್ 150 ಡಿಗ್ರಿಗೆ ಬಂದ ಮೇಲೆ ಹತ್ತು ನಿಮಿಷ ಬರೀ ನೀರು ಬಿಡಿ. ಪಂಪಿನ ಶೇಕಡಾವಾರು ಅಂಕಿಯನ್ನು ನಂಬಬೇಡಿ, ಪೈಪು ಹಳತಾದಂತೆ ಅದು ಬದಲಾಗುತ್ತದೆ. ಅಳತೆಯ ಸಿಲಿಂಡರ್ ಇಟ್ಟು ನಿಮಿಷಕ್ಕೆ 5 ಮಿ.ಲೀ. ಆಸುಪಾಸಿಗೆ ತನ್ನಿ. ಔಟ್‌ಲೆಟ್ 80ರ ಹತ್ತಿರ ನಿಂತ ಮೇಲೆ ಪೈಪನ್ನು ರಸಕ್ಕೆ ಬದಲಿಸಿ. ನೀರಿನ ಬದಲು ರಸ ಹೋದಾಗ ಆರುವ ನೀರು ಕಮ್ಮಿ, ಹಾಗಾಗಿ ಔಟ್‌ಲೆಟ್ ಕೆಲವು ಡಿಗ್ರಿ ಏರುವುದು ಸಹಜ.

ತುಂತುರು ಒಣಗುವ ಚೇಂಬರ್‌ನ ಗೋಡೆಯ ಮೇಲೆ ಕೆಂಪು ಹನಿ ಇಳಿಯುತ್ತಿದ್ದರೆ ತುಂತುರು ಆರುತ್ತಿಲ್ಲ: ಪಂಪ್ ಇಳಿಸಿ, ಇಲ್ಲವೇ ಸಿಂಪಡಿಕೆ ಗಾಳಿ ಏರಿಸಿ. ಚೇಂಬರ್ ಒಣಗಿದ್ದು ಸೈಕ್ಲೋನ್‌ನಲ್ಲಿ (ಗಾಳಿಯನ್ನು ಸುತ್ತಿಸಿ ಪುಡಿ ಬೇರ್ಪಡಿಸುವ ಭಾಗ) ಹೊಳೆಯುವ ಪದರ ಕಟ್ಟುತ್ತಿದ್ದರೆ ಪುಡಿ ಬಿಸಿಗೆ ಮೆತ್ತಗಾಗಿದೆ ಎಂದೇ ಅರ್ಥ. ಆಗ ಇನ್‌ಲೆಟ್ 10 ಡಿಗ್ರಿ ಇಳಿಸಿ. ಅದಕ್ಕೂ ಬಗ್ಗದಿದ್ದರೆ ಮಾಲ್ಟೋಡೆಕ್ಸ್‌ಟ್ರಿನ್ ಹೆಚ್ಚಿಸುವುದೇ ದಾರಿ. ಎರಡೂ ನೋಡಲು 'ಅಂಟು'ವೇ, ಆದರೆ ಮದ್ದು ಬೇರೆ. ಇವನ್ನು ಅದಲುಬದಲು ಮಾಡಿಕೊಂಡೇ ಬಹಳ ರಸ ಹಾಳಾಗುವುದು.

ನಾಝಲ್ ತುದಿಯಲ್ಲಿ ಗಡ್ಡದ ಹಾಗೆ ಪುಡಿ ಬೆಳೆದರೆ ತುಂತುರು ಒಂದು ಪಕ್ಕಕ್ಕೆ ವಾಲುತ್ತದೆ. ಸ್ವಚ್ಛಗೊಳಿಸುವ ಸೂಜಿಯನ್ನು ಆಗಾಗ ಹೊಡೆಸಿ.

ಕೊನೆಗೆ ಐದು ನಿಮಿಷ ನೀರು ಬಿಟ್ಟು ಹೀಟರ್ ಆರಿಸಿ. ಇನ್‌ಲೆಟ್ 70ಕ್ಕಿಂತ ಕೆಳಗಿಳಿಯುವ ತನಕ ಆಸ್ಪಿರೇಟರ್ ಓಡಲಿ. ಗಾಜು ಮುಟ್ಟುವುದು ಆಮೇಲೆಯೇ. ಹಾಕಿದ ಘನಾಂಶದಲ್ಲಿ ಅರ್ಧಕ್ಕಿಂತ ಹೆಚ್ಚು ಬಾಟಲಿಗೆ ಬಿದ್ದಿದ್ದರೆ ಸಕ್ಕರೆ ಇರುವ ರಸಕ್ಕೆ ಅದು ಒಳ್ಳೆಯ ಫಲ.

ಆಸಿಟೋನ್, ಆಲ್ಕೋಹಾಲ್ ಬೆರೆತ ದ್ರಾವಣವನ್ನು ಬರೀ ಗಾಳಿಯಲ್ಲಿ ಓಡಿಸಬೇಡಿ, ಬೆಂಕಿ ಹೊತ್ತಬಹುದು. ಅದಕ್ಕೆ ನೈಟ್ರೋಜನ್ ಸುತ್ತುವ ಮುಚ್ಚಿದ ವ್ಯವಸ್ಥೆಯೇ ಬೇಕು.

ಮಳೆಗಾಲದಲ್ಲಿ ಡಿಹ್ಯುಮಿಡಿಫೈಯರ್ ಇಲ್ಲದ ಕೋಣೆಯಲ್ಲಿ ಬಾಟಲಿ ತೆರೆದಿಟ್ಟರೆ ಪುಡಿ ಸ್ವಲ್ಪ ಹೊತ್ತಿನಲ್ಲೇ ಹೆಪ್ಪುಗಟ್ಟುತ್ತದೆ. ತೂಕ ಮಾಡಿದ ಕೂಡಲೇ ಅಲ್ಯೂಮಿನಿಯಂ ಪದರದ ಚೀಲಕ್ಕೆ ಹಾಕಿ ಸೀಲ್ ಮಾಡಿ.